ಕೋರೆವ್ವ ಆಳ ಮಾಡಿದ ಕುಂಟೆ

ಮಕ್ಕಳೇ, ಇದು ನೀರಿನ ಕತೆ. ಲೋಟದಲ್ಲಿ ಅರ್ಧ ಕುಡಿದು ಅರ್ಧ ಚೆಲ್ಲುವ ಅಭ್ಯಾಸ ಯಾರಿಗಾದರೂ ಇದ್ದರೆ ಅವರು ಇನ್ನೂ ಸ್ವಲ್ಪ ಹತ್ತಿರ ಬಂದು ಕುಳಿತುಕೊಳ್ಳಿ.

ಮಳೆ ಕೈ ಬಿಗಿಹಿಡಿದು ಸುರಿಯುವ ಸೀಮೆಯೊಂದರಲ್ಲಿ ಬೂದಿಗುಡ್ಡ ಎಂಬ ಗುಡ್ಡವಿತ್ತು. ಅದರ ಸುತ್ತ ಕುರುಚಲು ಕಾಡು. ಜಾಲಿ, ಕಾರೆ, ಕಳ್ಳಿ, ಅಲ್ಲೊಂದು ಇಲ್ಲೊಂದು ಬೇವು. ಗುಡ್ಡದ ಬುಡದಲ್ಲಿ ಒಂದು ಕುಂಟೆ. ಕೆರೆ ಎಂದು ಕರೆಯುವಷ್ಟು ದೊಡ್ಡದಲ್ಲ, ಗುಂಡಿ ಎಂದು ಜರೆಯುವಷ್ಟು ಚಿಕ್ಕದೂ ಅಲ್ಲ. ಆ ಕಾಡಿಗೆಲ್ಲ ಅದೊಂದೇ ನೀರು. ಇನ್ನೊಂದು ನೀರು ಬೇಕೆಂದರೆ ಬಯಲು ದಾಟಿ ಹೊಳೆಗೆ ಹೋಗಬೇಕು. ಬಯಲಿನಲ್ಲಿ ಮರೆಯಿಲ್ಲ, ನೆರಳಿಲ್ಲ. ತೋಳಗಳು ಮಾತ್ರ ಇವೆ. ದೊಡ್ಡವರು ಓಡಿ ಮುಟ್ಟಿಯಾರು. ಮರಿಗಳು ಮುಟ್ಟಲಾರವು.

ಕುಂಟೆಗೆ ಒಂದು ಕಟ್ಟಳೆಯಿತ್ತು. ಬೆಳಗ್ಗೆ ಹಕ್ಕಿಗಳು ಕುಡಿಯಬೇಕು. ಬಿಸಿಲೇರುವ ಮುಂಚೆ ಕೃಷ್ಣಮೃಗಗಳು. ಆಮೇಲೆ ಮೊಲ, ಮುಳ್ಳುಹಂದಿ ಮುಂತಾದ ಸಣ್ಣಪುಟ್ಟವರು. ಕಡೆಯ ಸರದಿ ಕಾಡುಹಂದಿಗಳದು. ಯಾಕೆಂದರೆ ಕುಡಿದು ಸುಮ್ಮನೆ ಹೋಗುವುದು ಅವರಿಗೆ ಗೊತ್ತಿರಲಿಲ್ಲ. ಪಡುವಣ ಮೂಲೆಯಲ್ಲಿ ಒಂದು ಹೊರಳುಗುಂಡಿ ಮಾಡಿಕೊಂಡಿದ್ದರು. ಅದರಲ್ಲಿ ಬಿದ್ದು, ಹೊರಳಿ, ಮೈತುಂಬ ಬೂದುಬಣ್ಣದ ಕೆಸರು ಮೆತ್ತಿಕೊಂಡೇ ಮನೆಗೆ ಹೋಗುತ್ತಿದ್ದರು.

ಆ ಹಂದಿಗಳಲ್ಲಿ ಕೋರೆವ್ವ ಎಂಬುವಳು ಒಬ್ಬಳು. ಅವಳಿಗೆ ಆ ವರ್ಷ ಹುಟ್ಟಿದ ಮರಿಗಳಿದ್ದವು. ಬೆನ್ನ ಮೇಲೆ ಪಟ್ಟೆ ಇನ್ನೂ ಮಾಸಿರಲಿಲ್ಲ. ಕೋರೆವ್ವ ಕೆಟ್ಟವಳಲ್ಲ, ಸೋಮಾರಿಯಂತೂ ಅಲ್ಲವೇ ಅಲ್ಲ. ಆದರೆ ಅವಳಿಗೆ ತಿಳಿದಿದ್ದುದು ಒಂದೇ ವಿದ್ಯೆ. ಹಸಿವಾದರೆ ಅಗೆಯುವಳು. ಬೇಸರವಾದರೆ ಅಗೆಯುವಳು. ಹೆದರಿಕೆಯಾದರೂ ಅಗೆಯುವಳು.

ಒಂದು ದಿನ ಹೊರಳುಗುಂಡಿಯ ಪಕ್ಕದಲ್ಲಿ ದಾರಿಹೋಕ ಕೊಕ್ಕರೆಯೊಂದು ಬಂದಿಳಿಯಿತು. ರೆಕ್ಕೆ ಧೂಳಾಗಿತ್ತು. ಒಂದೇ ಉಸಿರಿಗೆ ನೀರು ಕುಡಿದು, "ಅಬ್ಬಾ! ಇಲ್ಲಾದರೂ ಇದೆಯಲ್ಲ" ಎಂದಿತು.

"ಯಾಕೆ, ಬೇರೆ ಕಡೆ ಇಲ್ವಾ?" ಎಂದು ಕೋರೆವ್ವ ಕೇಳಿದಳು.

"ಮೂಡಣ ದಿಕ್ಕಿನ ಕೆರೆ ಬಿರುಕು ಬಿಟ್ಟು ಬಿದ್ದಿದೆ ತಾಯಿ. ತೆಂಕಣ ಕಟ್ಟೆಯಲ್ಲಿ ಮೀನಿನ ಮುಳ್ಳು ಬಿಟ್ಟರೆ ಏನೂ ಇಲ್ಲ. ನಿಮ್ಮ ಕುಂಟೆಗೂ ಇನ್ನೆಷ್ಟು ದಿನವೋ."

ಹೇಳುವುದನ್ನು ಹೇಳಿ ಕೊಕ್ಕರೆ ಹಾರಿಹೋಯಿತು. ಕೋರೆವ್ವ ತನ್ನ ಮರಿಗಳನ್ನು ನೋಡಿದಳು. ಅವು ಕೆಸರಿನಲ್ಲಿ ಒಂದರ ಮೇಲೊಂದು ಬಿದ್ದು ಕಿಚಾಯಿಸುತ್ತಿದ್ದವು. ಬಯಲು ದಾಟುವ ಕಾಲುಗಳೇ ಅವು? ಕಾರೆಕಡ್ಡಿಯ ಹಾಗಿವೆ.

ಅಂದಿನಿಂದ ಅವಳಿಗೆ ಊಟ ರುಚಿಸಲಿಲ್ಲ. ಕುಂಟೆಗೆ ಬಂದಾಗಲೆಲ್ಲ ಮೊದಲು ನೀರಿಗೆ ಕಾಲಿಟ್ಟು ನೋಡುವಳು. ನಿನ್ನೆ ಮೊಣಕಾಲಿನ ಮೇಲಿತ್ತು. ಇಂದು ಮೊಣಕಾಲಿಗಿದೆಯೇ, ಕೆಳಗೋ? ಕಾಲನ್ನು ಸ್ವಲ್ಪ ಮಡಿಸಿ ನಿಂತರೆ ನೀರು ಹೆಚ್ಚಿದಂತೆ ಕಾಣುವುದು. ಆಗ ಒಂದು ಗಳಿಗೆ ಸಮಾಧಾನ. ನೇರವಾಗಿ ನಿಂತರೆ ಮತ್ತೆ ಅದೇ ಭಯ.

"ಏನೇ ಅದು ದಿನಾ ಕುಣಿತ?" ಎಂದು ನೆರೆಯ ಮುಳ್ಳುಹಂದಿ ಮುಳ್ಳಕ್ಕ ಕೇಳಿದಳು. "ನೀರಿಗೂ ನಿನ್ನ ಕಾಲಿಗೂ ಮದುವೆ ಮಾತುಕತೆ ನಡೀತಿರೋ ಹಾಗಿದೆ."

"ನಗಬೇಡ ಮುಳ್ಳಕ್ಕ. ಮಳೆ ಬರೋತನಕ ಈ ನೀರು ಬರುತ್ತೆ ಅಂತೀಯಾ?"

"ಪ್ರತಿ ವರ್ಷ ಬಂದಿದೆ."

"ಈ ವರ್ಷ ಬರದಿದ್ರೆ?"

ಆ ಭಯ ಈಗ ಮುಳ್ಳಕ್ಕನಿಗೂ ಅಂಟಿತು. ಭಯದ ಗುಣವೇ ಅಷ್ಟು, ಮಕ್ಕಳೇ. ನೆಗಡಿಗಿಂತ ಬೇಗ ಹರಡುತ್ತದೆ.

ಬೇವಿನ ಮರದ ಕೆಳಗೆ ಸಭೆ ಕೂಡಿತು. ಕಾಡಿನ ಹಿರಿಯ, ಸುರುಳಿ ಕೊಂಬಿನ ಕೃಷ್ಣಮೃಗ ಸುರುಳಿಯಪ್ಪ, ನಡುವೆ ನಿಂತ. ಕೋರೆವ್ವ ಕೊಕ್ಕರೆಯ ಮಾತನ್ನೆಲ್ಲ ಹೇಳಿ, "ಬಾಯಾರಿದಾಗ ಬಾವಿ ತೋಡಬಾರದು ಯಜಮಾನ್ರೇ. ಈಗಲೇ ಕುಂಟೆ ಆಳ ಮಾಡೋಣ. ಗುಂಡಿ ದೊಡ್ಡದಾದಷ್ಟೂ ನೀರು ಜಾಸ್ತಿ ನಿಲ್ಲುತ್ತೆ. ಬೇಸಿಗೆಯಲ್ಲಿ ಇದ್ದಬದ್ದ ನೀರೆಲ್ಲ ಆಳಕ್ಕಿಳಿದು ತಂಪಾಗಿರುತ್ತೆ, ಮಳೆ ಬಂದರೆ ಎರಡರಷ್ಟು ತುಂಬುತ್ತೆ" ಎಂದಳು.

"ಭಲೇ!" ಎಂದಿತು ಹಿರಿಮೊಲ. ಎಲ್ಲರ ತಲೆಯೂ ಅಲ್ಲಾಡಿತು. ಇಷ್ಟು ಸುಲಭದ ಉಪಾಯ ತಮಗೇಕೆ ಹೊಳೆಯಲಿಲ್ಲವೆಂದು ಕೆಲವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಸುರುಳಿಯಪ್ಪ ಮಾತ್ರ ತಲೆಯಾಡಿಸಲಿಲ್ಲ. "ಮಳೆ ನೀರು ಗುಡ್ಡದ ಮೇಲೆಲ್ಲ ಬೀಳುತ್ತೆ. ಎಲ್ಲಾ ಕಡೆ ಇಂಗಿಹೋಗುತ್ತೆ. ಈ ಕುಂಟೆಯಲ್ಲಿ ಮಾತ್ರ ಯಾಕೆ ನಿಲ್ಲುತ್ತೆ?" ಎಂದು ಕೇಳಿದ.

"ತಗ್ಗಿದೆ, ಅದಕ್ಕೆ" ಎಂದಳು ಕೋರೆವ್ವ.

"ಗುಡ್ಡದ ಆ ಬದಿಯಲ್ಲೂ ತಗ್ಗಿದೆ. ಅಲ್ಲಿ ನಿಲ್ಲಲ್ಲ."

"ಹಾಗಾದ್ರೆ ಯಾಕೆ, ನೀವೇ ಹೇಳಿ."

"ನನಗೆ ಗೊತ್ತಿಲ್ಲ ಕೋರೆವ್ವ" ಎಂದ ಸುರುಳಿಯಪ್ಪ. "ಗೊತ್ತಿಲ್ಲ ಅನ್ನೋದೇ ನನ್ನ ಹೆದರಿಕೆ. ಮೊದಲು ದಡದಲ್ಲಿ ಎಲ್ಲಾದರೂ ಸ್ವಲ್ಪ ಅಗೆದು ನೋಡು. ಏನು ಸಿಗುತ್ತೋ ನೋಡಿ ಆಮೇಲೆ ಮುಂದುವರಿಯೋಣ. ಅಲ್ಲಿತನಕ ಎಲ್ಲರೂ ಕುಡಿಯೋದನ್ನ ಹಿಡಿತದಲ್ಲಿ ಇಟ್ಟುಕೊಳ್ಳೋಣ. ಹೊರಳಾಟಾನೂ ನಿಲ್ಲಿಸೋಣ."

ಕಡೆಯ ಮಾತು ಕೋರೆವ್ವನಿಗೆ ಮುಳ್ಳಿನಂತೆ ಚುಚ್ಚಿತು. ನಾಳೆಯ ಚಿಂತೆ ಮಾಡುವವಳು ತಾನು, ಬೈಸಿಕೊಳ್ಳುವವಳೂ ತಾನೇ! ನೋಡೋಣ, ನೋಡೋಣ ಎನ್ನುತ್ತಿದ್ದರೆ ನೀರು ಕಾಯುತ್ತದೆಯೇ? ಅವಳು ಸಭೆ ಮುಗಿಯುವ ಮುನ್ನವೇ ಎದ್ದಳು.

ದಡದಲ್ಲಿ ಅಗೆದು ನೋಡಲಿಲ್ಲ. ನೇರವಾಗಿ ಕುಂಟೆಯ ನಡುವಿಗೆ ಇಳಿದಳು.

ಮೂತಿ ಹೂತು, ಕಾಲಿಂದ ಒದ್ದು, ಕೋರೆವ್ವ ಕೆಸರು ಕೀಳತೊಡಗಿದಳು. ಅದು ಅಂತಿಂಥ ಮಣ್ಣಲ್ಲ, ಬೂದುಬಣ್ಣದ ಜೇಡಿ. ಹಿಡಿದರೆ ಬಿಡದು, ಎಳೆದರೆ ಬಾರದು. ಒಂದೊಂದು ಹೆಂಟೆ ಕಿತ್ತು ದಡಕ್ಕೆ ತಳ್ಳುವುದರಲ್ಲಿ ಅವಳ ಕತ್ತು ಬಿದ್ದುಹೋಗುತ್ತಿತ್ತು. ಹಿರಿಮೊಲ ದಡದಲ್ಲಿ ಕುಳಿತು, "ಹಾಂ, ಹಾಂ, ಇನ್ನೂ ಸ್ವಲ್ಪ!" ಎಂದು ಹುರಿದುಂಬಿಸಿತು. ಅಗೆಯುವವರಿಗೆ ಒಂದು ಕೆಲಸ, ನೋಡುವವರಿಗೆ ಹತ್ತು ಸಲಹೆ.

ದಿನಗಳು ಕಳೆದವು. ದಡದಲ್ಲಿ ಜೇಡಿಯ ಗುಡ್ಡೆ ಬೆಳೆಯಿತು. ಒಂದು ಮಧ್ಯಾಹ್ನ ಕೋರೆವ್ವನ ಮೂತಿಗೆ ಮಣ್ಣು ಬದಲಾದದ್ದು ತಿಳಿಯಿತು. ಅಂಟು ಹೋಗಿ ಮರಳು, ಮರಳಿನ ಜೊತೆಗೆ ನೊರಜುಕಲ್ಲು. ಒಮ್ಮೆ ಕೆದಕಿದರೆ ಹಿಡಿಹಿಡಿಯಾಗಿ ಸಡಿಲವಾಗುತ್ತಿತ್ತು.

"ಈಗ ಸಲೀಸಾಯ್ತು ನೋಡು!" ಎಂದು ಅವಳು ಕೂಗಿದಳು.

ಮುಳ್ಳಕ್ಕ ದಡದಿಂದ ಬಗ್ಗಿ ನೋಡಿದಳು. "ಇಷ್ಟು ದಿನ ಬಿಗಿಯಾಗಿದ್ದುದು ಒಂದೇ ಸಲ ಯಾಕೆ ಸಡಿಲ ಆಯ್ತೇ? ನನಗ್ಯಾಕೋ ಇದು ಸರಿ ಕಾಣ್ತಿಲ್ಲ. ಯಜಮಾನರನ್ನ ಕರೀಲಾ?"

"ಕರೆದ್ರೆ ಮತ್ತೆ ಸಭೆ ಮಾಡ್ತಾರೆ. ನಿನಗೆ ಮುಳ್ಳು ಜಾಸ್ತಿ, ಧೈರ್ಯ ಕಡಿಮೆ" ಎಂದು ಕೋರೆವ್ವ ಇನ್ನೂ ಜೋರಾಗಿ ಕೆದಕಿದಳು.

ಮರುದಿನ ಬೆಳಗ್ಗೆ ಕುಡಿಯಲು ಬಂದ ಹಕ್ಕಿಗಳು ಗಲಾಟೆ ಎಬ್ಬಿಸಿದವು. ನೀರಿನ ಅಂಚು ಮಾರು ದೂರ ಹಿಂದಕ್ಕೆ ಸರಿದಿತ್ತು. ಕೋರೆವ್ವ ಓಡಿಬಂದು ಕಾಲಿಟ್ಟು ನೋಡಿದಳು. ಮೊಣಕಾಲಲ್ಲ, ಗೊರಸು ಮುಳುಗಿದರೆ ಹೆಚ್ಚು.

"ಬಿಸಿಲು" ಎಂದಳು. ಅವಳ ದನಿ ಅವಳಿಗೇ ಬೇರೆಯಾಗಿ ಕೇಳಿಸಿತು. "ಎಲ್ಲಾ ಬಿಸಿಲು. ಇನ್ನೂ ಆಳ ಮಾಡಬೇಕು. ಬೇಗ ಮಾಡಬೇಕು."

ಹೆದರಿದವಳಿಗೆ ಗೊತ್ತಿದ್ದುದು ಒಂದೇ ವಿದ್ಯೆಯೆಂದು ಮೊದಲೇ ಹೇಳಿದೆನಲ್ಲ. ಮತ್ತೆ ಇಳಿದು ಅಗೆದಳು. ಅಗೆದಂತೆ ನೀರು ಅವಳ ಸುತ್ತ ಸುಳಿಯಾಗಿ ತಿರುಗಿತು. ಗುಳುಗುಳು ಎಂದು ಗುಳ್ಳೆಗಳೆದ್ದವು. ಕೋರೆವ್ವ ಮೂತಿ ಎತ್ತಿ ಕಿವಿಗೊಟ್ಟು ಕೇಳಿದಳು. ನೆಲ ನೀರು ಕುಡಿಯುತ್ತಿತ್ತು. ಬಾಯಾರಿದ ದನದ ಹಾಗೆ, ಸದ್ದು ಮಾಡಿ, ಬಿಡುವಿಲ್ಲದೆ ಕುಡಿಯುತ್ತಿತ್ತು.

ಆಗ ಅವಳಿಗೆ ತಿಳಿಯಿತು. ಅವಳು ಗುಂಡಿಯನ್ನು ದೊಡ್ಡದು ಮಾಡಿರಲಿಲ್ಲ. ಗಡಿಗೆಯ ತಳ ಒಡೆದಿದ್ದಳು.

ಬಿಸಿಲು ನೆತ್ತಿಗೇರುವ ಹೊತ್ತಿಗೆ ಕುಂಟೆಯ ನಡುವೆ ಒದ್ದೆ ಮರಳು ಮಾತ್ರ ಉಳಿಯಿತು. ಇಡೀ ಕಾಡು ದಡದ ಸುತ್ತ ಬಂದು ನಿಂತಿತು. ಎಲ್ಲರೂ ಒಟ್ಟಿಗೆ ಕೂಗಾಡಿದರು.

"ನಾಳೆಗೆ ನೀರು ಉಳಿಸ್ತೀನಿ ಅಂದವಳು ಇವತ್ತಿಂದೂ ಕಳೆದಳು!"

"ನಮ್ಮ ಮಕ್ಕಳ ಬಾಯಿಗೆ ಮಣ್ಣು ಹಾಕಿದೆಯಲ್ಲೇ!"

ಹಿರಿಮೊಲ, ಭಲೇ ಎಂದಿದ್ದ ಅದೇ ಹಿರಿಮೊಲ, "ನಾನು ಆವತ್ತೇ ಬೇಡ ಅಂದೆ" ಎಂದಿತು. ಮಕ್ಕಳೇ, ಇಂಥವರನ್ನು ನೀವು ಮುಂದೆ ಬಹಳ ಕಡೆ ನೋಡುತ್ತೀರಿ.

"ಇಲ್ಲಿ ನಿಂತರೆ ಸಾವು. ಹೊಳೆಗೆ ಹೊರಡೋಣ" ಎಂದು ಹಿರಿಮೊಲ ತನ್ನವರನ್ನು ಕೂಡಿಸಿಕೊಂಡು ಬಯಲಿನ ಕಡೆ ಹೊರಟಿತು. ಉಳಿದವರು ಹೋಗಲು ಕಾಲು ಎತ್ತಿದರು, ಮರಿಗಳನ್ನು ನೋಡಿ ಮತ್ತೆ ಊರಿದರು.

ಕೋರೆವ್ವ ತಲೆ ತಗ್ಗಿಸಿ ತನ್ನ ಮರಿಗಳನ್ನು ಹುಡುಕಿಕೊಂಡು ಹೋದಳು. ಅವು ಪಡುವಣ ಮೂಲೆಯಲ್ಲಿದ್ದವು. ಹೊರಳುಗುಂಡಿಯಲ್ಲಿ ಬಾಯಿಟ್ಟು ನೀರು ಕುಡಿಯುತ್ತಿದ್ದವು.

ನೀರು! ಅವಳು ಕಣ್ಣು ಬಿಟ್ಟು ನೋಡಿದಳು. ಕುಂಟೆಯೆಲ್ಲ ಬರಿದಾಗಿದೆ, ಹಂದಿಗಳು ಹೊರಳುವ ಈ ತಗ್ಗಿನಲ್ಲಿ ಮಾತ್ರ ನೀರು ನಿಂತಿದೆ. ಇಲ್ಲಿ ಅವಳು ಅಗೆದಿರಲಿಲ್ಲ. ಇಲ್ಲಿ ಅವಳು, ಅವಳ ಅವ್ವ, ಅಜ್ಜಿ, ಅವರ ಹಿಂದಿನವರು ಮೈಭಾರ ಹಾಕಿ ಹೊರಳಿ ಹೊರಳಿ ಜೇಡಿಯನ್ನು ರೊಟ್ಟಿಯ ಹಿಟ್ಟಿನಂತೆ ನಾದಿದ್ದರು. ಇಡೀ ಕುಂಟೆಯ ತಳವೂ ಹಾಗೆಯೇ ಆದದ್ದು; ಎಷ್ಟೋ ಕಾಲದಿಂದ ಕುಡಿಯಲು ಬಂದವರ ಗೊರಸು, ಪಂಜ, ಪಾದ ತುಳಿದು ತುಳಿದು ಬಿಗಿದ ಜೇಡಿ. ನೀರು ನಿಂತದ್ದು ಆಳದಿಂದಲ್ಲ, ಆ ತಳದಿಂದ. ದಿನವೂ ಮೈಗೆ ಮೆತ್ತಿಕೊಂಡ ಮಣ್ಣು ನೀರನ್ನು ಬಿಡುವುದಿಲ್ಲವೆಂದು ಅವಳ ಬೆನ್ನಿಗೆ ಗೊತ್ತಿತ್ತು. ಅವಳು ಮಾತ್ರ ಒಂದು ದಿನವೂ ಬೆನ್ನನ್ನು ಕೇಳಿರಲಿಲ್ಲ.

ಕೋರೆವ್ವ ಓಡಿಹೋಗಿ ಸುರುಳಿಯಪ್ಪನ ಮುಂದೆ ನಿಂತಳು.

"ಯಜಮಾನ್ರೇ, ಕಿತ್ತ ಜೇಡಿಯನ್ನ ಮತ್ತೆ ತುಂಬಿ ತುಳಿಯಬೇಕು. ತಳ ಮುಚ್ಚಿದ್ರೆ ಮುಂದಿನ ಮಳೆ ನೀರಾದ್ರೂ ನಿಲ್ಲುತ್ತೆ. ಇಲ್ಲದಿದ್ರೆ ಎಷ್ಟು ಮಳೆ ಬಂದ್ರೂ ಸೋರಿಹೋಗುತ್ತೆ."

ಸುರುಳಿಯಪ್ಪ ದಡದ ಗುಡ್ಡೆಯನ್ನು ಗೊರಸಿನಿಂದ ತಟ್ಟಿದ. ಠಣ್ ಎಂದಿತು. ಹೆಂಟೆಗಳು ಬಿಸಿಲಿಗೆ ಒಣಗಿ ಕಲ್ಲಾಗಿದ್ದವು.

"ಇದನ್ನ ತುಳಿದ್ರೆ ನಮ್ಮ ಕಾಲು ಮುರಿಯುತ್ತೆ. ನೆನೆಸಬೇಕು. ನೆನೆಸೋಕೆ ನೀರೆಲ್ಲಿ?"

ಕೋರೆವ್ವ ಪಡುವಣ ಮೂಲೆಯ ಕಡೆ ನೋಡಿದಳು. ಎಲ್ಲರೂ ಅತ್ತ ನೋಡಿದರು. ಅವಳು ಹೇಳುವುದೇನೆಂದು ತಿಳಿದೊಡನೆ ಗದ್ದಲವೆದ್ದಿತು.

"ಉಳಿದಿರೋ ಗುಟುಕನ್ನೂ ಮಣ್ಣಿಗೆ ಸುರೀಬೇಕಾ?" ಎಂದು ಒಂದು ಹೆಣ್ಣು ಕೃಷ್ಣಮೃಗ ಕಿರುಚಿತು. "ಇವಳ ಮಾತು ಒಂದು ಸಲ ಕೇಳಿದ್ದು ಸಾಲದಾ?"

ಅದು ನ್ಯಾಯವಾದ ಪ್ರಶ್ನೆ. "ಕೇಳಬೇಡಿ. ನನ್ನ ಮಾತು ಕೇಳಬೇಡಿ" ಎಂದಳು ಕೋರೆವ್ವ. "ಬಂದು ನೋಡಿ. ಹೊರಳುಗುಂಡಿ ನೋಡಿ, ನಾನು ಅಗೆದ ಗುಂಡಿ ನೋಡಿ. ಎರಡನ್ನೂ ನೋಡಿ ನೀವೇ ಹೇಳಿ."

ಸುರುಳಿಯಪ್ಪ ಹೋಗಿ ನೋಡಿದ. ಹೊರಳುಗುಂಡಿಯ ಅಂಚನ್ನು ಒತ್ತಿದ, ಮೆತ್ತಗೆ ಬಿಗಿಯಾಗಿತ್ತು. ನಡುವಿನ ಗುಂಡಿಯಲ್ಲಿ ಕಾಲಿಟ್ಟ; ಮರಳು ಜಾರಿತು. ಆ ಹೆಣ್ಣು ಕೃಷ್ಣಮೃಗವೂ ಹಿಂದೆಯೇ ಹೋಗಿ ನೋಡಿತು. ತಿರುಗಿ ಬಂದಾಗ ಅದು ಕಿರುಚಲಿಲ್ಲ.

"ಮರಿಗಳ ಪಾಲು ಹೊರಳುಗುಂಡಿಯಲ್ಲೇ ಇರಲಿ" ಎಂದ ಸುರುಳಿಯಪ್ಪ. "ದೊಡ್ಡವರ ಪಾಲು ಮಣ್ಣಿಗೆ."

"ಮತ್ತೆ ನಾವು ಏನು ಕುಡಿಯೋದು?" ಎಂದಳು ಮುಳ್ಳಕ್ಕ.

"ಮಳೆ."

"ಅದು ಬರದಿದ್ರೆ?"

ಸುರುಳಿಯಪ್ಪ ಮೊದಲ ಹೆಂಟೆಯನ್ನು ಕೊಂಬಿನಿಂದ ಗುಂಡಿಗೆ ದೂಡಿದ.

ಆ ಕೆಲಸವನ್ನು ನೀವು ನೋಡಬೇಕಿತ್ತು. ಕೋರೆವ್ವ ಹೊರಳುಗುಂಡಿಯಲ್ಲಿ ಮೈ ನೆನೆಸಿಕೊಂಡು ಓಡಿಬಂದು ಒಣ ಹೆಂಟೆಗಳ ಮೇಲೆ ಉರುಳುವಳು. ಅವಳ ಕೂದಲಿನಿಂದ ಇಳಿದ ನೀರನ್ನು ಜೇಡಿ ಹೀರಿ ಮೆತ್ತಗಾಗುವುದು. ಕೃಷ್ಣಮೃಗಗಳು ಸಾಲಾಗಿ ಬಂದು ಚೂಪು ಗೊರಸುಗಳಿಂದ ತುಳಿಯುವುವು. ಮತ್ತೆ ಕೋರೆವ್ವ ಓಡುವಳು. ನೀರು ಮೈಗೆ ಹತ್ತಿದಾಗಲೆಲ್ಲ ಅವಳ ನಾಲಿಗೆ ತಾನಾಗಿ ಹೊರಬರುತ್ತಿತ್ತು. ಅವಳು ಹಲ್ಲು ಕಚ್ಚಿ ಒಳಗೆಳೆದುಕೊಳ್ಳುತ್ತಿದ್ದಳು. ಮರಿಗಳು ಕುಡಿಯುವ ನೀರು ಎಲ್ಲಿ ಕಡಿಮೆಯಾಗುವುದೋ ಎಂಬ ಭಯದಿಂದ ಕಡೆಕಡೆಗೆ ಅರ್ಧ ಮೈ ಮಾತ್ರ ಅದ್ದಿಕೊಂಡಳು.

ಗುಂಡಿ ಮುಚ್ಚಿತು. ಎಲ್ಲರೂ ಉಸ್ಸೆಂದರು. ಆದರೆ ಸಂಜೆಯೊಳಗೆ ಹೊಸ ಜೇಡಿಯ ಮೇಲೆ ಕೂದಲೆಳೆಯಂಥ ಬಿರುಕೊಂದು ಕಾಣಿಸಿತು.

"ಒಣಗ್ತಾ ಇದೆ!" ಎಂದು ಕೋರೆವ್ವ ಗೋಳಾಡಿದಳು. "ಒಣಗಿದ್ರೆ ಸೀಳುತ್ತೆ, ಸೀಳಿದ್ರೆ ಮತ್ತೆ ಸೋರುತ್ತೆ. ಈಗ ಏನು ಮಾಡ್ಲಿ?"

"ಮೊದಲು ಆ ಮೂತಿ ಮೇಲಕ್ಕೆತ್ತು, ಅಗೆದುಬಿಟ್ಟೀಯ" ಎಂದಳು ಮುಳ್ಳಕ್ಕ. ಅಷ್ಟು ಸಂಕಟದಲ್ಲೂ ಯಾರೋ ನಕ್ಕರು. ಮುಳ್ಳಕ್ಕ ನಗಲಿಲ್ಲ, ಹೋಗಿ ಬಾಯಿತುಂಬ ಒಣಹುಲ್ಲು ಕಚ್ಚಿ ತಂದು ಬಿರುಕಿನ ಮೇಲೆ ಹರಡಿದಳು. ಬಿಸಿಲು ತಾಗದಂತೆ ಎಲ್ಲರೂ ಸೊಪ್ಪು, ಹುಲ್ಲು, ಬೇವಿನ ರೆಂಬೆ ತಂದು ಹೊದಿಸಿದರು.

ಇನ್ನು ಮಾಡುವುದಕ್ಕೆ ಏನೂ ಉಳಿಯಲಿಲ್ಲ. ಕಾಯುವುದು ಮಾತ್ರ ಉಳಿಯಿತು. ಅದೇ ಎಲ್ಲಕ್ಕಿಂತ ಕಷ್ಟ. ದೊಡ್ಡವರು ಮುಳ್ಳಕ್ಕ ಅಗೆದು ಕೊಟ್ಟ ಗೆಡ್ಡೆಗಳನ್ನು ಅಗಿದು ಬಾಯಿ ಒದ್ದೆ ಮಾಡಿಕೊಂಡರು. ಮರಿಗಳಿಗೆ ಹೊರಳುಗುಂಡಿಯಲ್ಲಿ ಸರದಿ. ಕೋರೆವ್ವ ಪಕ್ಕದಲ್ಲಿ ನಿಂತು, "ಸಾಕು, ಮುಂದಿನವರು ಬನ್ನಿ" ಎನ್ನುವಳು. ತನ್ನ ಮರಿಗೆ ಸಾಕು ಎನ್ನುವಾಗಲೂ ಅದೇ ದನಿ.

ಒಂದು ದಿನ ಮೋಡ ಕವಿಯಿತು. ಎಲ್ಲರೂ ಮುಖ ಮೇಲೆತ್ತಿ ನಿಂತರು. ಮೋಡ ಗುಡುಗಿತು, ಗುಡ್ಡದ ಮೇಲೆ ಸ್ವಲ್ಪ ಹೊತ್ತು ಕುಳಿತಿತು, ಎದ್ದು ಹೋಯಿತು. ಒಂದು ಹನಿಯಿಲ್ಲ. ಆ ದಿನ ಹೊರಳುಗುಂಡಿಯ ತಳ ಕಾಣಿಸತೊಡಗಿತ್ತು.

ಮರುದಿನ ಮಧ್ಯಾಹ್ನ, ಯಾರೂ ಮೇಲೆ ನೋಡದಿದ್ದಾಗ, ಮಳೆ ಬಂದಿತು. ದಪ್ಪ ಹನಿ. ಧೂಳೆದ್ದಿತು, ಧೂಳಡಗಿತು, ಗುಡ್ಡದಿಂದ ಕೆಂಪು ನೀರು ಇಳಿಯಿತು. ದೊಡ್ಡವರು ಬಂಡೆಯ ಮೇಲೆ ನಿಂತ ನೀರನ್ನೇ ನೆಕ್ಕಿದರು. ಕೋರೆವ್ವ ಮಾತ್ರ ಕುಂಟೆಯ ದಡ ಬಿಡಲಿಲ್ಲ. ನೀರು ಬಂದು ಸೇರುತ್ತಿತ್ತು. ಅಲ್ಲೊಂದು ಗುಳ್ಳೆ ಎದ್ದಿತು. ಅವಳು ಅತ್ತ ಬಗ್ಗಿ ನೋಡಿದಳು. ಗುಳ್ಳೆ ಒಡೆಯಿತು; ಇನ್ನೊಂದು ಏಳಲಿಲ್ಲ. ಮಳೆ ನಿಂತಾಗ ದಡದ ಒಂದು ಬಿಳಿಗಲ್ಲು ಅರ್ಧ ಮುಳುಗಿತ್ತು.

ಬೆಳಗಾಗುತ್ತಲೇ ಎಲ್ಲರೂ ಬಂದರು. ಬಿಳಿಗಲ್ಲು ಇನ್ನೂ ಅರ್ಧ ಮುಳುಗಿಯೇ ಇತ್ತು.

ಯಾರೂ ಕೇಕೆ ಹಾಕಲಿಲ್ಲ. ಮರಿಗಳು ಮೊದಲು ಕುಡಿದವು. ಹೊಳೆಗೆ ಹೋಗಿದ್ದ ಮೊಲಗಳೂ ಅಂದು ತಿರುಗಿ ಬಂದವು. ಹೋದದ್ದು ಗುಂಪು, ಬಂದದ್ದು ಕೆಲವೇ ಮೊಲಗಳು. ಹಿರಿಮೊಲ ಅದರಲ್ಲಿರಲಿಲ್ಲ. ಬಂದವುಗಳು ಕೋರೆವ್ವನ ಕಡೆ ನೋಡದೆ ನೀರು ಕುಡಿದವು. ಅವಳು ಅವುಗಳಿಗೆ ದಾರಿ ಬಿಟ್ಟು ತಲೆ ತಗ್ಗಿಸಿ ನಿಂತಳು. ಏನು ಹೇಳಿದರೂ ಬಯಲಿನಲ್ಲಿ ತೋಳಗಳಿಗೆ ಸಿಕ್ಕವರು ತಿರುಗಿ ಬರುವಂತಿರಲಿಲ್ಲ.

ಮುಂದಿನ ಮಳೆ ಸುರಿಯುವಾಗ ಕೋರೆವ್ವ ದಡದಲ್ಲಿ ಕಾಣಲಿಲ್ಲ. ಮುಳ್ಳಕ್ಕ ಹುಡುಕುತ್ತ ಗುಡ್ಡದ ಓರೆ ಹತ್ತಿದಳು. ಮೇಲೆ, ಮಳೆಯಲ್ಲಿ ತೊಪ್ಪೆಯಾಗಿ, ಕೋರೆವ್ವ ನಿಂತಿದ್ದಳು. ಅವಳ ಕಾಲ ಬಳಿ ಒಂದು ದೊಡ್ಡ ತೊರೆ ಕುಂಟೆಯ ಕಡೆ ಬರುವಂತೆ ಬಂದು, ಬಂಡೆಯೊಂದನ್ನು ಬಳಸಿ, ಆಚೆಯ ಕೊರಕಲಿಗೆ ಧುಮುಕುತ್ತಿತ್ತು.

"ನೋಡು ಮುಳ್ಳಕ್ಕ. ನಮ್ಮ ಕುಂಟೆ ಈ ಗುಡ್ಡದ ಅರ್ಧ ಮಳೇನೂ ನೋಡ್ತಿಲ್ಲ. ಒಂದು ಬರ ಬಿದ್ರೆ ಮತ್ತೆ ಅದೇ ಗೋಳು."

"ಹಾಗಾದ್ರೆ ಇತ್ತ ತಿರುಗಿಸು. ಒಂದು ಮೊಳ ಅಗೆದರೆ ಸಾಕು. ಮೂತಿ ಇದೆಯಲ್ಲ."

ಕೋರೆವ್ವನ ಮೂತಿ ನೆಲ ಮುಟ್ಟಿತು. ಮುಟ್ಟಿ, ನಿಂತಿತು. ಅವಳು ತಲೆಯೆತ್ತಿ ಕೊರಕಲಿನ ಕೆಳಗೆ, ಮಳೆಯ ಆಚೆ ಮಸುಕಾಗಿ ಕಾಣುವ ಇನ್ನೊಂದು ಕುರುಚಲು ಕಾಡನ್ನು ನೋಡಿದಳು.

"ಹೋಗಿ ಯಜಮಾನರನ್ನ ಕರಿ. ಮೊಲಗಳು ಬರೋ ಹಾಗಿದ್ರೆ ಅವರನ್ನೂ ಕರಿ" ಎಂದಳು. "ಈ ನೀರು ಕೆಳಗೆ ಯಾರ ಮರಿಗಳ ಬಾಯಿಗೆ ಹೋಗುತ್ತೋ, ಮೊದಲು ನೋಡಿಕೊಂಡು ಬರೋಣ."

ಮುಳ್ಳಕ್ಕ ಇಳಿದು ಹೋದಳು. ಕೋರೆವ್ವ ಮಳೆಯಲ್ಲಿ ಕಾಯುತ್ತ ನಿಂತಳು.

ನೀತಿ: ನಾಳೆಯ ನೀರಿಗಾಗಿ ಇಂದೇ ಯೋಚಿಸಬೇಕು, ಆದರೆ ಇಂದಿನ ನೀರು ಯಾವುದರ ಮೇಲೆ ನಿಂತಿದೆಯೆಂದು ತಿಳಿಯದೆ, ಹೆದರಿ ಕೈಹಾಕಿದವರು ಎರಡನ್ನೂ ಕಳೆದುಕೊಳ್ಳುತ್ತಾರೆ.